ಕಾರಿನಲ್ಲಿ ಮಲಗುವವರಿಗೆ ದೇವಸ್ಥಾನದ ಪಾರ್ಕಿಂಗ್ ಲಾಟ್ ತೆರೆಯುವ ಮುನ್ನ

ಅಮೆರಿಕದ ಪಶ್ಚಿಮ ಕರಾವಳಿಯ ಯಾವುದಾದರೂ ಊರಿನಲ್ಲಿ ರಾತ್ರಿ ಹತ್ತರ ಮೇಲೆ ಗೋದಾಮುಗಳಿರುವ ರಸ್ತೆಯಲ್ಲಿ ಒಮ್ಮೆ ನಿಧಾನವಾಗಿ ಹೋಗಿ ನೋಡಿ. ಸಾಲಾಗಿ ನಿಂತ ಕಾರುಗಳಲ್ಲಿ ಕೆಲವದರ ಗಾಜು ಒಳಗಡೆಯಿಂದ ಬೆವರಿರುತ್ತದೆ. ಮುಂದಿನ ಗಾಜಿಗೆ ಬೆಳ್ಳಿಬಣ್ಣದ ಬಿಸಿಲುಪರದೆ, ಪಕ್ಕದ ಕಿಟಕಿಗೆ ಸಿಕ್ಕಿಸಿದ ಟವೆಲ್ಲು. ಸರಿರಾತ್ರಿಯಲ್ಲಿ ಬಿಸಿಲುಪರದೆ ಹಾಕಿದ್ದಾರೆ ಅಂದರೆ ಒಳಗೆ ಯಾರೋ ಮಲಗಿದ್ದಾರೆ ಅಂತಲೇ ಅರ್ಥ. ಬೆಳಗಾದರೆ ಅವರಲ್ಲಿ ಅನೇಕರು ಮುಖ ತೊಳೆದು ಕೆಲಸಕ್ಕೆ ಹೋಗುವವರು, ಮಕ್ಕಳನ್ನು ಶಾಲೆಗೆ ಬಿಡುವವರು.

2024ರ ಜನವರಿಯಲ್ಲಿ ಅಮೆರಿಕ ಸರ್ಕಾರ ಮಾಡಿದ ಒಂದು ರಾತ್ರಿಯ ಎಣಿಕೆಯಲ್ಲಿ ಮನೆಯಿಲ್ಲದವರ ಸಂಖ್ಯೆ 7,71,480. ಕಾರಿನಲ್ಲಿ ಮಲಗುವವರೂ ಈ ಲೆಕ್ಕಕ್ಕೆ ಸೇರುತ್ತಾರೆ. ಮನುಷ್ಯರು ಮಲಗಲೆಂದು ಮಾಡಿದ ಜಾಗವಲ್ಲವಾದ್ದರಿಂದ ಕಾರೂ ಪಾರ್ಕಿನ ಬೆಂಚೂ ಸರ್ಕಾರದ ವ್ಯಾಖ್ಯೆಯಲ್ಲಿ ಒಂದೇ ಸಾಲಿಗೆ ಬರುತ್ತವೆ. ಈ ವ್ಯಾಖ್ಯೆ ಮುಂದೆ ಉಪಯೋಗಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಇವರಿಗೆ ರಾತ್ರಿಯಿಡೀ ಇರುವ ಭಯ ಗಾಜು ತಟ್ಟುವ ಸದ್ದಿನದು. ತಟ್ಟಿದವರು ಪೊಲೀಸರಿರಬಹುದು, ಸೆಕ್ಯುರಿಟಿಯವರಿರಬಹುದು, ಕಳ್ಳರಿರಬಹುದು. ಯಾರೇ ಆದರೂ ಎರಡು ಗಂಟೆ ರಾತ್ರಿಯಲ್ಲಿ ಕಾರು ಸ್ಟಾರ್ಟ್ ಮಾಡಿ ಇನ್ನೊಂದು ರಸ್ತೆ ಹುಡುಕಬೇಕು. ಹೀಗೆ ವಾರಕ್ಕೆ ಮೂರು ರಾತ್ರಿಯಾದರೆ ಮೊದಲು ನಿದ್ದೆ ಹೋಗುತ್ತದೆ, ಆಮೇಲೆ ಕೆಲಸ ಹೋಗುತ್ತದೆ. ರಾತ್ರಿ ಹೊತ್ತು ಖಾಲಿ ಬಿದ್ದಿರುವ ಪಾರ್ಕಿಂಗ್ ಲಾಟನ್ನು ಅನುಮತಿ ಕೊಟ್ಟು ಬಿಟ್ಟುಕೊಡುವ ಸೇಫ್ ಪಾರ್ಕಿಂಗ್ ಎಂಬ ಏರ್ಪಾಟು ಹುಟ್ಟಿದ್ದು ಇದಕ್ಕೇ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ನ್ಯೂ ಬಿಗಿನಿಂಗ್ಸ್ ಸಂಸ್ಥೆ 2004ರಿಂದ ಇದನ್ನು ನಡೆಸುತ್ತಿದೆ. ಒಂದೇ ದೊಡ್ಡ ಮೈದಾನ ಹಿಡಿಯದೆ ಚರ್ಚು, ಕಚೇರಿ, ಸರ್ಕಾರಿ ಜಾಗ ಅಂತ ಊರ ತುಂಬ ಸಣ್ಣ ಸಣ್ಣ ಲಾಟುಗಳನ್ನು ಬಳಸುವುದು ಅವರ ಕ್ರಮ. ಒರೆಗಾನಿನ ಯುಜೀನ್, ಸ್ಯಾನ್ ಡಿಯಾಗೊ, ಲಾಸ್ ಏಂಜಲೀಸ್‌ಗಳಲ್ಲೂ ಇಂಥವು ಇವೆ.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾ, ಸಿಯಾಟಲ್, ಸ್ಯಾನ್ ಡಿಯಾಗೊ ಕಡೆ ನಮ್ಮವರು ನಡೆದುಕೊಳ್ಳುವ ದೇವಸ್ಥಾನಗಳಿಗೂ ದೊಡ್ಡ ಲಾಟುಗಳಿವೆ. ರಾತ್ರಿ ಎಂಟೂವರೆಗೆ ಮಂಗಳಾರತಿ ಮುಗಿದರೆ ಬೆಳಿಗ್ಗೆವರೆಗೆ ಅಲ್ಲಿ ಯಾರೂ ಇರುವುದಿಲ್ಲ. ಟ್ರಸ್ಟಿನ ಸಭೆಯಲ್ಲಿ ಯಾರಾದರೂ ಈ ಮಾತು ಎತ್ತಿದರೆ ಕೂಡಲೇ ಕ್ಯಾಮೆರಾ ಎಷ್ಟು ಬೇಕು, ಗಾರ್ಡ್ ಯಾರು ಅಂತ ಚರ್ಚೆ ಶುರುವಾಗುತ್ತದೆ. ನಾನಾದರೆ ಟಾಯ್ಲೆಟ್ಟಿನಿಂದ ಶುರು ಮಾಡುತ್ತೇನೆ. ಲಾಟು ಕೆಡುವುದು ಬಹುಪಾಲು ಅಲ್ಲಿಂದಲೇ.

ಮೊದಲು ಕಾನೂನು, ಚುಟುಕಾಗಿ

ಕಾರಿನಲ್ಲಿ ಮಲಗುವುದು ಅಪರಾಧವೇ ಎಂಬುದಕ್ಕೆ ದೇಶಕ್ಕೆಲ್ಲ ಒಂದೇ ಉತ್ತರವಿಲ್ಲ. ರಸ್ತೆಬದಿಯಲ್ಲಿ ನಿಲ್ಲಿಸಿದರೆ ಆ ನಗರದ ನಿಯಮ, ಹೆದ್ದಾರಿಯ ವಿಶ್ರಾಂತಿ ತಾಣದಲ್ಲಿ ರಾಜ್ಯದ ನಿಯಮ, ಅರಣ್ಯದಲ್ಲಿ ಕೇಂದ್ರದ ನಿಯಮ, ಅಂಗಡಿ ಮುಂದೆ ಜಾಗದ ಮಾಲೀಕರ ಮಾತು.

2018ರಲ್ಲಿ ಪಶ್ಚಿಮ ರಾಜ್ಯಗಳ ಮೇಲ್ಮನವಿ ಕೇಳುವ ಒಂಬತ್ತನೇ ಸರ್ಕಿಟ್ ಎಂಬ ಕೇಂದ್ರ ನ್ಯಾಯಾಲಯ, ಶೆಲ್ಟರಿನಲ್ಲಿ ಹಾಸಿಗೆಯೇ ಇಲ್ಲದಿರುವಾಗ ಹೊರಗೆ ಮಲಗಿದವರನ್ನು ಶಿಕ್ಷಿಸುವಂತಿಲ್ಲ ಎಂದು ಬಾಯ್ಸಿ ನಗರದ ಪ್ರಕರಣದಲ್ಲಿ ಹೇಳಿತ್ತು. 2024ರ ಜೂನ್ 28ರಂದು ಸುಪ್ರೀಂ ಕೋರ್ಟು ಒರೆಗಾನಿನ ಗ್ರಾಂಟ್ಸ್ ಪಾಸ್ ಪ್ರಕರಣದಲ್ಲಿ 6-3ರ ಬಹುಮತದಿಂದ ಆ ರಕ್ಷಣೆಯನ್ನು ತೆಗೆದುಹಾಕಿತು. ಆಮೇಲೆ ಹಲವು ನಗರಗಳು ನಿಯಮ ಬಿಗಿ ಮಾಡಿದವು. ಹಾಗಂತ ಎಲ್ಲ ಬಾಗಿಲೂ ಮುಚ್ಚಿಲ್ಲ. ಕಾರಿನಲ್ಲಿ ವಾಸಿಸಬಾರದು ಎಂದು ಲಾಸ್ ಏಂಜಲೀಸ್ 1983ರಲ್ಲಿ ಮಾಡಿದ್ದ ಕಾನೂನನ್ನು 2014ರಲ್ಲಿ ನ್ಯಾಯಾಲಯ ಹೊಡೆದುಹಾಕಿದ್ದು ಬೇರೆ ಕಾರಣಕ್ಕೆ. ಏನು ಮಾಡಿದರೆ ತಪ್ಪು, ಏನು ಮಾಡಿದರೆ ಸರಿ ಎಂಬುದು ಆ ಕಾನೂನಿನ ಮಾತಿನಲ್ಲಿ ಸ್ಪಷ್ಟವಿರಲಿಲ್ಲ. ಆ ವಾದ ಇನ್ನೂ ಜೀವಂತ.

ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟು 2021ರಲ್ಲಿ ಕೊಟ್ಟ ತೀರ್ಪು ಇದಕ್ಕಿಂತ ಉಪಯುಕ್ತ. ತನ್ನ ಟ್ರಕ್ಕಿನಲ್ಲೇ ವಾಸವಿದ್ದವನೊಬ್ಬನ ವಾಹನವನ್ನು 72 ಗಂಟೆಗೂ ಹೆಚ್ಚು ಒಂದೇ ಕಡೆ ನಿಂತಿತ್ತೆಂದು ಸಿಯಾಟಲ್ ನಗರ ಟೋ ಮಾಡಿಸಿತ್ತು. ಕೊನೆಗೆ ಅವನ ಮೇಲೆ ಬಿದ್ದ ಹೊರೆ 547 ಡಾಲರ್ 12 ಸೆಂಟ್, ತಿಂಗಳಿಗೆ 50ರ ಕಂತು. ಅವನ ಸ್ಥಿತಿಗೆ ಅದು ಮಿತಿಮೀರಿದ ದಂಡ, ಮೇಲಾಗಿ ಆ ಟ್ರಕ್ಕೇ ಅವನ ಮನೆ ಎಂದಿತು ನ್ಯಾಯಾಲಯ. ಕ್ಯಾಲಿಫೋರ್ನಿಯಾದಲ್ಲೂ ನಗರದ ನಿಯಮವಿದ್ದ ಕಡೆ 72 ಗಂಟೆ ಕದಲದ ವಾಹನವನ್ನು ಎತ್ತಬಹುದು. ಆದರೆ ಸರಿಯಾಗಿ ನಿಂತಿರುವ ಕಾರನ್ನು ಬರೀ ಹಳೆಯ ಟಿಕೆಟ್ ಬಾಕಿಗಾಗಿ ವಾರಂಟಿಲ್ಲದೆ ಎತ್ತುವಂತಿಲ್ಲ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಹೇಳಿದೆ. ಲಾಟಿಗೆ ಬರುವವರ ಕೈಯಲ್ಲಿ ಈ ಎರಡು ವಿಷಯಗಳಿರುವ ಒಂದು ಹಾಳೆ ಕೊಟ್ಟರೆ ಕಂಬಳಿ ಕೊಟ್ಟಷ್ಟೇ ಉಪಕಾರ.

ದೇವಸ್ಥಾನದವರಿಗೆ ವಾಷಿಂಗ್ಟನ್ ರಾಜ್ಯದ ಕಾನೂನು ಅನುಕೂಲಕರ. ಧಾರ್ಮಿಕ ಸಂಸ್ಥೆಯೊಂದು ತನ್ನ ಲಾಟಿನ ಪ್ರತಿ 10 ಸ್ಪಾಟಿಗೆ ಕನಿಷ್ಠ ಒಂದನ್ನು ಸೇಫ್ ಪಾರ್ಕಿಂಗಿಗೆ ಕೊಡುವುದನ್ನು ನಗರ ತಡೆಯದಂತೆ 2020ರಲ್ಲಿ ತಿದ್ದುಪಡಿಯಾಗಿದೆ. ಟಾಯ್ಲೆಟ್ ಕೊಡಲೇಬೇಕೆಂಬ ಷರತ್ತೂ ಅದರಲ್ಲೇ ಇದೆ, ಕಾನೂನು ಬರೆದವರಿಗೂ ವಿಷಯ ಗೊತ್ತಿತ್ತು. ಬೇರೆ ರಾಜ್ಯಗಳಲ್ಲಿ ನಗರದ ಪ್ಲ್ಯಾನಿಂಗ್ ಕಚೇರಿಗೆ ಹೋಗಿ, ತಾತ್ಕಾಲಿಕ ಅನುಮತಿ ಯಾವ ಹೆಸರಿನಲ್ಲಿ ಸಿಗುತ್ತದೆ ಎಂದು ಕೇಳಬೇಕು.

ವಾಹನದವರ ಹತ್ತಿರ ದುಡ್ಡು ತೆಗೆದುಕೊಳ್ಳಬೇಡಿ, ಐದು ಡಾಲರೂ ಬೇಡ. ಬಾಡಿಗೆಯ ವಾಸನೆ ಬಂದ ಕೂಡಲೇ ಕ್ಯಾಂಪ್‌ಗ್ರೌಂಡ್ ನಿಯಮ, ಬಾಡಿಗೆದಾರರ ಕಾನೂನು ಎರಡೂ ಹಿಂದೆಯೇ ಬರುತ್ತವೆ. ಕಾಗದ 30 ದಿನದ ಅನುಮತಿ ಪತ್ರವಾಗಿರಲಿ, ನವೀಕರಿಸುವ ಹಾಗಿರಲಿ, ವಕೀಲರ ಕಣ್ಣಿಂದ ಒಮ್ಮೆ ದಾಟಿ ಬರಲಿ. ವಿಮಾ ಏಜೆಂಟರಿಗೆ ಮೊದಲೇ ಬರಹದಲ್ಲಿ ತಿಳಿಸಿ. ಒಂದು ಘಟನೆಗೆ 10 ಲಕ್ಷ ಡಾಲರ್, ಒಟ್ಟು 20 ಲಕ್ಷ ಡಾಲರಿನ ಲಯಬಿಲಿಟಿ ಪಾಲಿಸಿ ಸಾಮಾನ್ಯವಾಗಿ ಕೇಳುವ ಮಟ್ಟ. ನಡೆಸುವ ಸಂಸ್ಥೆ ಬೇರೆಯಾದರೆ ಅವರ ಪಾಲಿಸಿಯಲ್ಲಿ ದೇವಸ್ಥಾನದ ಹೆಸರೂ ಸೇರಬೇಕು.

ಟಾಯ್ಲೆಟ್ಟು, ಬೆಳಕು, ಎರಡು ಕಾರಿನ ನಡುವಿನ ಜಾಗ

ಹನ್ನೆರಡು ಕಾರು ಅಂದರೆ ಹದಿನೆಂಟು-ಇಪ್ಪತ್ತು ಜನ ಅಂತ ಲೆಕ್ಕ ಹಿಡಿಯಿರಿ. ಸಂಜೆ ದೇವಸ್ಥಾನದ ಒಳಗಿನ ಟಾಯ್ಲೆಟ್ ತೆರೆದಿಡುವುದಾಗಿ ಹೇಳಿ, ಅರ್ಚಕರು ಬೀಗ ಹಾಕಿಕೊಂಡು ಹೊರಟ ಮೇಲೆ ಏನು ಎಂದು ಯೋಚಿಸದೆ ಶುರುಮಾಡಿದ ಲಾಟಿನ ಬೇಲಿ ಬದಿ ವಾರದೊಳಗೆ ನಾರುತ್ತದೆ, ನೆರೆಯವರ ದೂರು ಬರುತ್ತದೆ. ಹೊರಗಡೆಯೇ ಎರಡು ಪೋರ್ಟಬಲ್ ಟಾಯ್ಲೆಟ್ ಬೇಕು. ಒಂದು ಮಾಮೂಲಿದು, ಇನ್ನೊಂದು ಗಾಲಿಕುರ್ಚಿ ಹೋಗುವಷ್ಟು ಅಗಲದ್ದು. ಅಗಲದ್ದು ಮಕ್ಕಳನ್ನು ಕರೆದುಕೊಂಡು ಹೋಗುವ ತಾಯಂದಿರಿಗೂ, ನಿಂತು ಬಟ್ಟೆ ಬದಲಿಸುವವರಿಗೂ ಬೇಕು. ಕಾಲಿನಿಂದ ಒತ್ತಿ ನೀರು ಬರಿಸುವ ಕೈತೊಳೆಯುವ ಸಿಂಕು ಒಂದು.

ಸರ್ವಿಸ್ ವಾರಕ್ಕೆ ಒಮ್ಮೆ ಸಾಕು ಎಂದು ಬಾಡಿಗೆಗೆ ಕೊಡುವ ಕಂಪನಿಯವರು ಹೇಳಬಹುದು. ಅದು ಕಟ್ಟಡ ಕೆಲಸದ ಲೆಕ್ಕ, ಹಗಲು ಎಂಟು ಗಂಟೆ, ವಾರಕ್ಕೆ ಐದು ದಿನದ್ದು. ಇಲ್ಲಿ ಏಳು ರಾತ್ರಿ, ಊಟವಾದ ಮೇಲಿನ ಹೊತ್ತು, ಬೆಳಗಿನ ಹೊತ್ತು. ವಾರಕ್ಕೆ ಎರಡು ಸಲ ಪಂಪ್ ಮಾಡಿಸಿ, ಸೋಮವಾರ ಮತ್ತು ಗುರುವಾರ ಒಳ್ಳೆಯದು. ಭಾನುವಾರ ಹಾಕಿಸಿದರೆ ಭಕ್ತರ ಕಾರುಗಳು ಅಡ್ಡ ನಿಂತು ಟ್ಯಾಂಕರ್ ಲಾರಿ ಹತ್ತಿರ ಬರಲಾಗದೆ ಹಾಗೇ ಹೋಗುತ್ತದೆ, ಬಿಲ್ಲು ಮಾತ್ರ ಬರುತ್ತದೆ.

ಎಲ್ಲಿ ಇಡುತ್ತೀರಿ ಎನ್ನುವುದು ಎಷ್ಟು ಇಡುತ್ತೀರಿ ಎನ್ನುವಷ್ಟೇ ಮುಖ್ಯ. ಕಣ್ಣಿಗೆ ಬೀಳದಿರಲಿ ಎಂದು ಲಾಟಿನ ಕೊನೆ ಮೂಲೆಯಲ್ಲಿ, ಗಿಡಗಳ ಹಿಂದೆ ಇಟ್ಟರೆ ಹೆಂಗಸರು ಕತ್ತಲಾದ ಮೇಲೆ ಅತ್ತ ಹೋಗುವುದಿಲ್ಲ. ಸಂಜೆಯಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಾಗಿಲು ಕಾರುಗಳ ಕಡೆ ಮುಖ ಮಾಡಿರಲಿ, ದೀಪದ ಕಂಬದ ಹತ್ತಿರವಿರಲಿ, ಆದರೆ ಯಾವ ಕಾರಿಗೂ ಮೂವತ್ತು ಅಡಿಗಿಂತ ಹತ್ತಿರ ಬೇಡ, ರಾತ್ರಿಯೆಲ್ಲ ಬಾಗಿಲು ಬಡಿಯುವ ಸದ್ದು ಕೇಳುತ್ತದೆ. ಈ ಪೆಟ್ಟಿಗೆಗಳ ಒಳಗೆ ಸಾಮಾನ್ಯವಾಗಿ ದೀಪವಿರುವುದಿಲ್ಲ. ಚಾವಣಿಗೆ ಅಂಟಿಸುವ, ಕದಲಿದರೆ ಹೊತ್ತಿಕೊಳ್ಳುವ ಬ್ಯಾಟರಿ ದೀಪ ಹಾಕಿ, ಬ್ಯಾಟರಿ ಬದಲಿಸುವ ಹೊಣೆ ಒಬ್ಬರ ಹೆಸರಿಗೆ ಬರೆಯಿರಿ. ಹೆಸರು ಬರೆಯದ ಹೊಣೆ ಯಾರದ್ದೂ ಅಲ್ಲ.

ಲಾಟಿನ ದೊಡ್ಡ ದೀಪಗಳ ಸಮಸ್ಯೆ ಇದರ ತಿರುಗುಮುರುಗು. ಎಲ್ಲ ಉರಿಸಿದರೆ ಯಾರಿಗೂ ನಿದ್ದೆಯಿಲ್ಲ, ಎಲ್ಲ ಆರಿಸಿದರೆ ಭಯ. ಹತ್ತೂವರೆಯ ಮೇಲೆ ಪ್ರವೇಶ ಮತ್ತು ಟಾಯ್ಲೆಟ್ ಕಡೆಯದನ್ನು ಮಾತ್ರ ಉಳಿಸುವಂತೆ ಟೈಮರ್ ಹಾಕಿಸಿ.

ಪಾರ್ಕಿಂಗ್ ಸ್ಪಾಟಿನ ಸಾಮಾನ್ಯ ಅಳತೆ 9 ಅಡಿಗೆ 18 ಅಡಿ. ಎರಡು ಕಾರಿನ ನಡುವೆ ಒಂದು ಸ್ಪಾಟ್ ಖಾಲಿ ಬಿಡಿ. ಬಾಗಿಲು ಪೂರ್ತಿ ತೆರೆಯಲು, ಪಕ್ಕದವರ ಕೆಮ್ಮು ಕೇಳದಿರಲು, ಒಂದಕ್ಕೆ ಬೆಂಕಿ ಹತ್ತಿದರೆ ಇನ್ನೊಂದಕ್ಕೆ ತಗುಲದಿರಲು ಅಷ್ಟು ಬೇಕು. ಅಗ್ನಿಶಾಮಕ ವಾಹನಕ್ಕೆ 20 ಅಡಿ ಅಗಲದ ದಾರಿ ಎಂದೂ ಕಟ್ಟಬಾರದು. ಈ ಎರಡು ಲೆಕ್ಕ ಹಾಕಿದರೆ 30 ಸ್ಪಾಟಿನ ಲಾಟಿನಲ್ಲಿ 12ರಿಂದ 14 ಕಾರು ಕೂರುತ್ತವೆ. ಸ್ಪಾಟಿಗೆ ನಂಬರ್ ಬರೆದು, ಯಾರಿಗೆ ಯಾವುದು ಎಂದು ಖಾಯಂ ಮಾಡಿ. ದಿನಾ ಬಂದು ಜಾಗಕ್ಕೆ ಪೈಪೋಟಿ ಮಾಡಬೇಕಾದ ಕಡೆ ಜಗಳ ಗ್ಯಾರಂಟಿ. ಒಂಟಿ ಹೆಂಗಸರಿಗೂ ಮಕ್ಕಳಿರುವವರಿಗೂ ಗೇಟಿನ ಕಡೆಯದನ್ನಲ್ಲ, ಟಾಯ್ಲೆಟ್ಟಿನ ದಾರಿ ನೇರ ಕಾಣುವ ಸ್ಪಾಟ್ ಕೊಡಿ.

ಆರ್‌ವಿಗಳನ್ನು, ಅಂದರೆ ಅಡುಗೆಮನೆ-ಟಾಯ್ಲೆಟ್ ಒಳಗೇ ಇರುವ ದೊಡ್ಡ ವಾಹನಗಳನ್ನು, ಸಣ್ಣ ಲಾಟಿಗೆ ಸೇರಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕರುಣೆಯ ಕೊರತೆಯಿಂದಲ್ಲ. ಅದರ ಕೊಳಚೆ ಟ್ಯಾಂಕ್ ವಾರದೊಳಗೆ ತುಂಬುತ್ತದೆ, ಖಾಲಿ ಮಾಡಲು ಡಂಪ್ ಸ್ಟೇಷನ್‌ಗೆ ಓಡಿಸಬೇಕು, ಓಡಿಸಲು ಇಂಜಿನ್ ಸರಿಯಿರಬೇಕು, ಎಷ್ಟೋ ಆರ್‌ವಿಗಳ ಇಂಜಿನ್ ಕೈಕೊಟ್ಟೇ ಇರುತ್ತದೆ. ಒಬ್ಬರು ಒಂದೇ ಸಲ ಮಳೆನೀರಿನ ಚರಂಡಿಗೆ ಬಿಟ್ಟರೂ ನಗರದವರು ಲಾಟು ಮುಚ್ಚಿಸುತ್ತಾರೆ. ಆರ್‌ವಿಗೆ ಕರೆಂಟೂ ಬೇಕು. ಸ್ಯಾನ್ ಫ್ರಾನ್ಸಿಸ್ಕೋ ನಗರ 2022ರ ಜನವರಿಯಲ್ಲಿ ಕ್ಯಾಂಡಲ್‌ಸ್ಟಿಕ್ ಪಾಯಿಂಟ್ ಬಳಿ ಇಂಥ ತಾಣ ತೆರೆದು, ವಿದ್ಯುತ್ ಲೈನ್ ಸಿಗದೆ ಬಹುಕಾಲ ಜನರೇಟರ್ ಮೇಲೆ ನಡೆಸಿ, 2025ರ ಮಾರ್ಚಿನಲ್ಲಿ ಮುಚ್ಚಿತು. ಮೊದಲು ಲೈನ್, ಆಮೇಲೆ ವಾಹನ.

ಟೆಂಟು ಹಾಕಿಕೊಳ್ಳುವವರ ತಾಣ ಬೇರೆಯದೇ ವಿದ್ಯೆ. ಸ್ಯಾನ್ ಡಿಯಾಗೊ ನಗರ 2023ರಲ್ಲಿ ಸೇಫ್ ಸ್ಲೀಪಿಂಗ್ ಹೆಸರಿನಲ್ಲಿ ಶುರುಮಾಡಿದೆ. ಅಲ್ಲಿ ಹಗಲೂ ಜನ ಇರುತ್ತಾರೆ, ಸಾಮಾನು ಇರುತ್ತದೆ, ದಿನವಿಡೀ ಸಿಬ್ಬಂದಿ ಬೇಕು. ರಾತ್ರಿ ಬಂದು ಬೆಳಿಗ್ಗೆ ಹೋಗುವ ಲಾಟಿನೊಳಗೆ ಅದನ್ನು ಬೆರೆಸಲು ಹೋಗಬೇಡಿ.

ಗೇಟು, ಗಾರ್ಡು, ಕಾಗದ

ಸಂಜೆ ಏಳರಿಂದ ಬೆಳಿಗ್ಗೆ ಏಳು ಬಹಳ ಕಡೆ ಇರುವ ಸಮಯ. ದೇವಸ್ಥಾನಕ್ಕೆ ಎಂಟೂವರೆ ಹೊಂದುತ್ತದೆ. ಆದರೆ ಹನ್ನೊಂದಕ್ಕೆ ಹೋಟೆಲಿನಲ್ಲಿ ಪಾತ್ರೆ ತೊಳೆದು ಮುಗಿಸುವವರು, ಬೆಳಿಗ್ಗೆ ನಾಲ್ಕಕ್ಕೆ ಗೋದಾಮಿಗೆ ಹೋಗುವವರು ಇರುತ್ತಾರೆ. ಒಂಬತ್ತಕ್ಕೆ ಗೇಟು ಬಿದ್ದರೆ ಮೊದಲು ಹೊರಗುಳಿಯುವುದು ಕೆಲಸವಿರುವವರೇ. ತಡವಾಗಿ ಬರುವವರಿಗೆ ಕೋಡ್ ಕೊಡಿ, ಅವರ ಸ್ಪಾಟನ್ನು ಗೇಟಿನ ಪಕ್ಕದಲ್ಲೇ ಇಡಿ, ಅವರ ಹೆಡ್‌ಲೈಟ್ ಉಳಿದವರ ಮುಖಕ್ಕೆ ಹೊಡೆಯದಂತೆ. ಒಳಗಿನಿಂದ ಗೇಟು ಯಾವಾಗಲೂ ತೆಗೆಯಲು ಬರಬೇಕು. ಜನರನ್ನು ಒಳಗೆ ಹಾಕಿ ಬೀಗ ಜಡಿಯುವಂತಿಲ್ಲ.

ಗಾರ್ಡಿನ ಲೆಕ್ಕ ಹೀಗೆ. ರಾತ್ರಿಗೆ 12 ಗಂಟೆಯಂತೆ ವರ್ಷಕ್ಕೆ 4,380 ಗಂಟೆ. ಗಂಟೆಗೆ 25 ಡಾಲರ್ ಹಿಡಿದರೂ 1,09,500 ಡಾಲರ್. ಹತ್ತು-ಹನ್ನೆರಡು ಕಾರಿನ ಲಾಟು ಈ ಭಾರ ಹೊರುವುದಿಲ್ಲ, ಎರಡನೇ ವರ್ಷ ಮುಚ್ಚುತ್ತದೆ. ರಾತ್ರಿಗೆ ಎರಡು ಸಲ ಹಲವು ಲಾಟುಗಳನ್ನು ಸುತ್ತುವ ಒಬ್ಬ ಮಾನಿಟರ್, ರಾತ್ರಿಯೆಲ್ಲ ಎತ್ತುವ ಒಂದು ಫೋನ್ ನಂಬರ್, ಬರುವವರನ್ನು ಮೊದಲೇ ಕೂರಿಸಿ ಮಾತಾಡಿಸಿ ಸೇರಿಸಿಕೊಳ್ಳುವ ಕ್ರಮ ಇಷ್ಟಿದ್ದರೆ ಸಣ್ಣ ಲಾಟು ಸುಸೂತ್ರ ನಡೆಯುತ್ತದೆ. ಮಾನಿಟರಿಗೆ ಕಲಿಸಬೇಕಾದ ಮೊದಲ ಪಾಠ ಗಾಜು ತಟ್ಟಬಾರದು ಎನ್ನುವುದು. ಮಾತಾಡಬೇಕಾದರೆ ಫೋನ್ ಮಾಡಬೇಕು, ಎತ್ತದಿದ್ದರೆ ಕಾರಿನ ಮುಂದೆ ಹತ್ತಡಿ ದೂರ ನಿಂತು ಹೆಸರು ಹಿಡಿದು ಕರೆಯಬೇಕು, ಟಾರ್ಚು ನೆಲಕ್ಕೆ ಬಿಡಬೇಕು. ಒಂದೇ ಅಪವಾದ, ಬೆಳಿಗ್ಗೆ ಏಳಾದರೂ ಕದಲದ ಕಾರು. ಆಗ ತಟ್ಟಲೇಬೇಕು, ಉತ್ತರವಿಲ್ಲದಿದ್ದರೆ ತುರ್ತು ನಂಬರ್ 911ಕ್ಕೆ ಫೋನ್.

ಲೈಸೆನ್ಸ್, ರಿಜಿಸ್ಟ್ರೇಶನ್, ಇನ್ಶೂರೆನ್ಸ್ ಮೂರೂ ಇದ್ದರೆ ಮಾತ್ರ ಪ್ರವೇಶ ಎನ್ನುವ ಲಾಟುಗಳು ಬಹಳ. ವಿಮೆಯವರ ದೃಷ್ಟಿಯಿಂದ ಸರಿಯೇ. ಆದರೆ ಮನೆ ಕಳೆದುಕೊಂಡವರ ಕಾಗದ ಹೇಗೆ ತಪ್ಪುತ್ತದೆ ನೋಡಿ: ವಿಳಾಸವಿಲ್ಲದೆ ನವೀಕರಣದ ಪತ್ರ ಕೈಸೇರುವುದಿಲ್ಲ, ತಡವಾಗಿ ದಂಡ ಬೀಳುತ್ತದೆ, ಹಳೆ ಕಾರು ಹೊಗೆ ಪರೀಕ್ಷೆಯಲ್ಲಿ ಫೇಲಾಗುತ್ತದೆ, ರಿಪೇರಿಗೆ ದುಡ್ಡಿಲ್ಲ. ಹಾಗಾಗಿ ಕಾಗದವಿಲ್ಲದವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುವ ಬದಲು 30 ದಿನದ ಗಡುವು ಕೊಟ್ಟು ಸೇರಿಸಿಕೊಂಡು, ಆ ಗಡುವಿನೊಳಗೆ ಕಾಗದ ಮಾಡಿಸಿಕೊಡಿ. ಟ್ರಸ್ಟಿನ ದೇಣಿಗೆ ದುಡ್ಡು ಹೆಚ್ಚು ಕೆಲಸ ಮಾಡುವುದು ಇಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಕಡಿಮೆ ಆದಾಯದವರಿಗೆಂದೇ ರಾಜ್ಯದ ಲೋ ಕಾಸ್ಟ್ ಆಟೋ ಇನ್ಶೂರೆನ್ಸ್ ಯೋಜನೆಯಿದೆ, ಕೇಳಿದವರಿಗಿಂತ ಕೇಳದವರೇ ಜಾಸ್ತಿ. ಅಂಚೆಗೆ, ಮುಖ್ಯ ಪೋಸ್ಟ್ ಆಫೀಸಿನಲ್ಲಿ ಜನರಲ್ ಡೆಲಿವರಿ ಅಂತ ಹೆಸರಿಗೆ ಬರೆಸಿದರೆ 30 ದಿನದವರೆಗೆ ಇಟ್ಟುಕೊಂಡು ಗುರುತುಚೀಟಿ ನೋಡಿ ಕೊಡುತ್ತಾರೆ, ಖರ್ಚಿಲ್ಲ.

ಮಕ್ಕಳಿದ್ದರೆ, ಮನೆಯಿಲ್ಲದವರ ನೆರವಿಗೆಂದು ಇರುವ 1987ರ ಮೆಕಿನ್ನಿ-ವೆಂಟೊ ಕಾಯಿದೆಯನ್ನು ತಿಳಿದಿರಿ. ವಿಳಾಸದ ದಾಖಲೆಯಿಲ್ಲದೆಯೂ ಶಾಲೆ ತಕ್ಷಣ ಸೇರಿಸಿಕೊಳ್ಳಬೇಕು, ಮೊದಲು ಓದುತ್ತಿದ್ದ ಶಾಲೆಯಲ್ಲೇ ಮುಂದುವರಿಯುವುದಾದರೆ ಹೋಗಿಬರುವ ವ್ಯವಸ್ಥೆ ಮಾಡಬೇಕು. ಪ್ರತಿ ಶಾಲಾ ಜಿಲ್ಲೆಯಲ್ಲೂ ಇದಕ್ಕೆಂದೇ ಒಬ್ಬರು ಇರುತ್ತಾರೆ. ಇನ್ನು, ಲಾಟಿಗೆ ಬಂದರೆ ಮನೆಯಿಲ್ಲದವರ ಪಟ್ಟಿಯಿಂದ ಹೆಸರು ಹೋಗುತ್ತದೆ ಎಂಬ ಹೆದರಿಕೆ ಹಲವರಿಗೆ. ಹೋಗುವುದಿಲ್ಲ. ಲಾಟಿನೊಳಗಿದ್ದರೂ ಮಲಗಿರುವುದು ಕಾರಿನಲ್ಲೇ, ಹಾಗಾಗಿ ಮೊದಲು ಹೇಳಿದ ವ್ಯಾಖ್ಯೆಯ ಒಳಗೇ ಇರುತ್ತಾರೆ, ವಸತಿ ಯೋಜನೆಯ ಸರದಿ ಹಾಗೇ ಉಳಿಯುತ್ತದೆ.

ದೇವಸ್ಥಾನಕ್ಕೆ ಮಾತ್ರ ಇರುವ ತೊಡಕು ಒಂದು: ಶಿವರಾತ್ರಿ ಜಾಗರಣೆ, ವೈಕುಂಠ ಏಕಾದಶಿ, ಗಣೇಶನ ಹಬ್ಬ, ಹೊಸವರ್ಷದ ರಾತ್ರಿ. ಆ ದಿನ ಲಾಟು ತುಂಬಿ ರಸ್ತೆಗೂ ಹರಿಯುತ್ತದೆ. ವರ್ಷದ ಶುರುವಿನಲ್ಲೇ ಪಂಚಾಂಗ ಹಿಡಿದು ಕೂತು ಆ ತಾರೀಕುಗಳನ್ನು ಗುರುತಿಸಿ, ಹತ್ತಿರದ ಚರ್ಚಿನವರ ಜೊತೆ ಆ ರಾತ್ರಿಗಳಿಗೆ ಬದಲಿ ಜಾಗದ ಒಪ್ಪಂದ ಮಾಡಿಕೊಳ್ಳಿ. ಅವರ ಕ್ರಿಸ್ಮಸ್ ರಾತ್ರಿ ನೀವು ಅವರಲ್ಲಿರುವವರನ್ನು ಇಟ್ಟುಕೊಳ್ಳಬಹುದು. ಎರಡು ವಾರ ಮುಂಚೆ ಹೇಳಬೇಕು, ಅದೇ ಸಂಜೆ ಗೇಟಿನಲ್ಲಿ ಹೇಳಿದರೆ ಮತ್ತೆ ರಸ್ತೆಗೆ ದಬ್ಬಿದ ಹಾಗೆ.

ಕಾರಿನ ಒಳಗೆ

ಸೇರುವ ದಿನವೇ ಹೇಳಿಕೊಡಬೇಕಾದ ಸಂಗತಿಗಳಲ್ಲಿ ಮೊದಲನೆಯದು ಇಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಇಂಜಿನ್ ಓಡಿಸಿಕೊಂಡು ಮಲಗುವಂತಿಲ್ಲ, ಒಳಗೆ ಗ್ಯಾಸ್ ಸ್ಟವ್ ಹಚ್ಚುವಂತಿಲ್ಲ. ಹಳೆಯ ಕಾರಿನ ಸೈಲೆನ್ಸರ್ ಪೈಪು ತುಕ್ಕು ಹಿಡಿದು ತೂತಾಗಿದ್ದರೆ ಹೊಗೆ ಕೆಳಗಿನಿಂದ ಒಳಗೆ ಬರುತ್ತದೆ, ಈ ಅನಿಲಕ್ಕೆ ವಾಸನೆಯಿಲ್ಲ, ತಲೆನೋವು-ಓಕರಿಕೆ ಜ್ವರದ ಹಾಗೆಯೇ ಕಾಣುತ್ತದೆ. ಆರ್‌ವಿಗೆ ಒಪ್ಪುವ ಬ್ಯಾಟರಿ ಅಲಾರಂ ಪ್ರತಿ ಕಾರಿಗೂ ಕೊಡಿ. ಅಮೆರಿಕದ ಮಾನದಂಡದ ಅಲಾರಂ 70 ಪಿಪಿಎಂನಲ್ಲಿ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 70 ಭಾಗ) ಒಂದರಿಂದ ನಾಲ್ಕು ಗಂಟೆಯೊಳಗೆ, 400 ಪಿಪಿಎಂನಲ್ಲಿ 4ರಿಂದ 15 ನಿಮಿಷದೊಳಗೆ ಕೂಗುತ್ತದೆ. ಕೂಗಿದರೆ ಇಳಿದು ದೂರ ನಿಲ್ಲಬೇಕು, ಕಿಟಕಿ ತೆಗೆದು ಮತ್ತೆ ಮಲಗುವುದಲ್ಲ.

ಚಳಿಗೆ 12 ವೋಲ್ಟಿನ ಎಲೆಕ್ಟ್ರಿಕ್ ಕಂಬಳಿ ದಾನ ಮಾಡುವವರು ಬಹಳ. ದಯವಿಟ್ಟು ಬೇಡ. ಕಂಬಳಿ 45 ವ್ಯಾಟ್ ಎಳೆದರೆ ಸುಮಾರು 4 ಆಂಪಿಯರ್ ಕರೆಂಟು, ಎಂಟು ಗಂಟೆಗೆ 30 ಆಂಪಿಯರ್-ಅವರ್. ಸಾಮಾನ್ಯ ಕಾರಿನ ಬ್ಯಾಟರಿ ಒಟ್ಟು 50ರ ಆಸುಪಾಸು, ಅದೂ ಹಳತಾಗಿರುತ್ತದೆ, ಅದರಲ್ಲಿ ಹತ್ತು-ಹನ್ನೆರಡು ತೆಗೆದರೇ ಬೆಳಿಗ್ಗೆ ಸ್ಟಾರ್ಟ್ ಆಗುವುದು ಅನುಮಾನ. ಸ್ಟಾರ್ಟ್ ಆಗದಿದ್ದರೆ ಕೆಲಸಕ್ಕೆ ಹೋಗಲಾಗದು, ಲಾಟಿನಿಂದಲೂ ಕದಲಲಾಗದು. ಅದರ ಬದಲು ಮಲಗುವ ಕಡೆ ಕೆಳಗೆ ದಪ್ಪ ಫೋಮ್ ಮ್ಯಾಟ್, ಏಕೆಂದರೆ ಚಳಿ ಮೇಲಿನಿಂದ ಬರುವುದಕ್ಕಿಂತ ಕೆಳಗಿನಿಂದ ಹೆಚ್ಚು ಎಳೆಯುತ್ತದೆ. ಒಳ್ಳೆಯ ಸ್ಲೀಪಿಂಗ್ ಬ್ಯಾಗ್. ಒಂದು ರಬ್ಬರಿನ ಬಿಸಿನೀರಿನ ಚೀಲ. ದೇವಸ್ಥಾನದ ಅಡುಗೆಮನೆಯ ಕಾಫಿ ಬಾಯ್ಲರನ್ನು ಮುಚ್ಚುವ ಹೊತ್ತಿಗೆ ಹೊರಗೆ ಒಂದು ಗಂಟೆ ಇಟ್ಟರೆ ಹನ್ನೆರಡು ಚೀಲಕ್ಕೂ ನೀರಾಗುತ್ತದೆ.

ಗಾಜು ಬೆವರುವುದು ಉಸಿರಿನಿಂದ. ಒಬ್ಬರ ಉಸಿರಿನಿಂದ ರಾತ್ರಿಗೆ ಒಂದು ಲೋಟದಷ್ಟು ನೀರು ಗಾಜಿಗೂ ಸೀಟಿಗೂ ಸೇರುತ್ತದೆ. ಹಾಗೇ ಬಿಟ್ಟರೆ ಕಂಬಳಿ ಮುಗ್ಗಲಾಗಿ ಸೀಟಿಗೆ ಬೂಷ್ಟು ಹಿಡಿಯುತ್ತದೆ. ಮುಂದಿನ ಎಡಗಿಟಕಿ, ಹಿಂದಿನ ಬಲಗಿಟಕಿ ಹೀಗೆ ಓರೆಯಾಗಿ ಎರಡನ್ನು ಬೆರಳಗಲ ಇಳಿಸಬೇಕು. ಮಳೆ ಒಳಗೆ ಬರದಂತೆ ಕಿಟಕಿ ಮೇಲೆ ಅಂಟಿಸುವ ಪ್ಲಾಸ್ಟಿಕ್ ತಡೆ ಸಿಗುತ್ತದೆ. ಕಿಟಕಿ ಮುಚ್ಚಲು ಬೆಳ್ಳಿಬಣ್ಣದ ಗುಳ್ಳೆಹಾಳೆಯನ್ನು, ಮೊದಲು ನ್ಯೂಸ್‌ಪೇಪರಿನಲ್ಲಿ ಅಚ್ಚು ತೆಗೆದು, ಗಾಜಿಗಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿದರೆ ಅಂಟಿಲ್ಲದೆ ತಾನೇ ಸಿಕ್ಕಿಕೊಳ್ಳುತ್ತದೆ. ಹೊರಮೈಗೆ ಕಪ್ಪು ಬಟ್ಟೆ ಅಂಟಿಸಿ, ಹೊರಗಿನಿಂದ ಬರೀ ಕತ್ತಲಾದ ಕಿಟಕಿಯಂತೆ ಕಾಣುತ್ತದೆ.

ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದೇ ಇರುತ್ತಾರೆ. ತೆರೆದ ಬಾಟಲಿಗಳಲ್ಲಿ ಹೆಚ್ಚಿನವು 30 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ 28 ದಿನ ತಡೆಯುತ್ತವೆ, ಆದರೆ ಹಗಲು ಬಿಸಿಲಲ್ಲಿ ನಿಂತ ಕಾರು ಅದನ್ನು ಸುಲಭವಾಗಿ ಮೀರುತ್ತದೆ. ಆಫೀಸಿನಲ್ಲಿ ಬೀಗವಿರುವ ಪುಟ್ಟ ಫ್ರಿಜ್ಜಿನಲ್ಲಿ ಹೆಸರು ಬರೆದು ಇಟ್ಟುಕೊಳ್ಳಲು ಬಿಡಿ. ಕುಡಿಯುವುದು ಬೇಡ ಎನ್ನುವ ನಿಯಮಕ್ಕೆ ದೇವಸ್ಥಾನ ಎಂಬುದಲ್ಲದೆ ಇನ್ನೊಂದು ಕಾರಣವೂ ಇದೆ. ಕುಡಿದವರು ಕೀಲಿ ಇಟ್ಟುಕೊಂಡು ಡ್ರೈವರ್ ಸೀಟಿನಲ್ಲಿ ಮಲಗಿದ್ದರೆ ಸಾಕು, ಓಡಿಸದಿದ್ದರೂ ಹಲವು ರಾಜ್ಯಗಳಲ್ಲಿ ಡಿಯುಐ, ಅಂದರೆ ಕುಡಿದು ವಾಹನ ಓಡಿಸಿದ ಕೇಸು ಹಾಕಬಹುದು.

ಜಾಗ ಸಿಗದವರಿಗೆ

ಹನ್ನೆರಡು ಸ್ಪಾಟಿಗೆ ನಲವತ್ತು ಜನ ಕೇಳುತ್ತಾರೆ. ಇಲ್ಲ ಅಂದು ಕಳಿಸುವಾಗ ಆ ರಾತ್ರಿಗೆ ಎಲ್ಲಿ ಎಂದು ಹೇಳಿಕಳಿಸಬೇಕು. ಹೆದ್ದಾರಿಯ ವಿಶ್ರಾಂತಿ ತಾಣದಲ್ಲಿ ಕ್ಯಾಲಿಫೋರ್ನಿಯಾ, ವಾಷಿಂಗ್ಟನ್‌ಗಳಲ್ಲಿ 24 ಗಂಟೆಗೆ 8 ಗಂಟೆ, ಒರೆಗಾನಿನಲ್ಲಿ 12, ಟೆಕ್ಸಾಸಿನಲ್ಲಿ 24 ಗಂಟೆ ನಿಲ್ಲಬಹುದು, ಟೆಂಟು ಹಾಕುವಂತಿಲ್ಲ. ವಾಲ್‌ಮಾರ್ಟಿನಲ್ಲಿ ಆಯಾ ಅಂಗಡಿಯ ಮ್ಯಾನೇಜರನ್ನು ಕೇಳಬೇಕು, ಒಂದು ಕಡೆ ಸಿಕ್ಕಿದ್ದು ಇನ್ನೊಂದು ಕಡೆ ಸಿಗುವುದಿಲ್ಲ, ನಗರದ ನಿಯಮ ಅಡ್ಡ ಬಂದರೆ ಮ್ಯಾನೇಜರ್ ಹೂಂ ಅಂದರೂ ಪ್ರಯೋಜನವಿಲ್ಲ.

ಮರುಭೂಮಿಯ ಕಡೆ ಬಿಎಲ್‌ಎಂ ಎಂಬ ಕೇಂದ್ರ ಇಲಾಖೆಯ ಬಯಲಿನಲ್ಲಿ ಸಾಮಾನ್ಯವಾಗಿ 28 ದಿನಕ್ಕೆ 14 ದಿನ ಉಚಿತವಾಗಿ ಇರಬಹುದು, ಆಮೇಲೆ ದೂರ ಕದಲಬೇಕು. ಅರಿಜೋನಾದ ಕ್ವಾರ್ಟ್‌ಸೈಟ್ ಬಳಿಯ ಲಾ ಪೋಸಾದಂಥ ಕಡೆ 180 ಡಾಲರ್ ಪರ್ಮಿಟ್ಟಿಗೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಲು ಬಿಡುತ್ತಾರೆ, ನೀರು ಮತ್ತು ಡಂಪ್ ಸ್ಟೇಷನ್ ಸಮೇತ. ಹೊರಡುವ ಮುನ್ನ ಆ ವರ್ಷದ ದರ ನೋಡಿಕೊಳ್ಳಲಿ. ಪಿಂಚಣಿಯವರಿಗೆ ಇದು ಹೊಂದುತ್ತದೆ. ದಿನಗೂಲಿಯವರಿಗೆ ಹೊಂದುವುದಿಲ್ಲ, ಕೆಲಸ ಇರುವ ಊರಿನಿಂದ ನೂರಾರು ಮೈಲಿ. ರಾಷ್ಟ್ರೀಯ ಅರಣ್ಯದಲ್ಲೂ 14 ದಿನದ ಮಾತು ಕೇಳಿಬರುತ್ತದೆ, ಆದರೆ ಅಲ್ಲಿ ಅನುಮತಿಯಿಲ್ಲದೆ ವಾಸಕ್ಕೆಂದು ಇರುವುದನ್ನೇ ನಿಯಮ ನಿಷೇಧಿಸುತ್ತದೆ. ಅರಣ್ಯ ಸಿಬ್ಬಂದಿ ಕೇಳಿದಾಗ ಮನೆಯಿಲ್ಲ ಎಂದು ನಿಜ ಹೇಳಿದವರೇ ಸಿಕ್ಕಿಬೀಳುತ್ತಾರೆ. ಈ ವಿಚಿತ್ರ ತಿಳಿಸದೆ ಯಾರನ್ನೂ ಕಾಡಿಗೆ ಕಳಿಸಬೇಡಿ.

ಬೆಳಿಗ್ಗೆಯ ಕೆಲಸ ಸಣ್ಣದು. ಆರೂವರೆಗೆ ಕಸದ ಚೀಲ ಕಟ್ಟಿಸಿ, ಟಾಯ್ಲೆಟ್ ಪೇಪರ್ ನೋಡಿ, ಸ್ಪಾಟುಗಳ ಮೇಲೆ ಒಂದು ಸುತ್ತು ಬನ್ನಿ. ಸ್ಟಾರ್ಟ್ ಆಗದ ಕಾರೊಂದು ಹೆಚ್ಚುಕಡಿಮೆ ದಿನಾ ಇರುತ್ತದೆ. ಅದಕ್ಕೆಂದೇ ಆಫೀಸಿನಲ್ಲಿ ಲಿಥಿಯಂ ಜಂಪ್ ಸ್ಟಾರ್ಟರ್ ಒಂದನ್ನು ಇಟ್ಟಿರಬೇಕು, ಚಳಿಯಲ್ಲಿ ಅದರ ಶಕ್ತಿ ಕುಗ್ಗುವುದರಿಂದ ಹೊರಗಿನ ಪೆಟ್ಟಿಗೆಯಲ್ಲಲ್ಲ, ಒಳಗೇ. ಕೆಂಪು ಕ್ಲಿಪ್ ಪ್ಲಸ್ಸಿಗೆ, ಕಪ್ಪು ಬ್ಯಾಟರಿಯಿಂದ ದೂರದ ಲೋಹಕ್ಕೆ. ಕಾರು ಹೊರಟ ಮೇಲೆ ಅದನ್ನು ತಂದು ಮತ್ತೆ ಚಾರ್ಜಿಗೆ ಹಾಕಿ, ಮಾರನೇ ದಿನ ಬೇಕಾಗುತ್ತದೆ.